ಕಾಣೆಯಾದ ಇನ್ನೂರು ಬಲಗಿವಿಗಳು

ಏಳನೆಯ ಕಂತು

ಟೀಚರಮ್ಮ ಬಲಗಿವಿಯಿಂದ ಶ್ರವಣಯಂತ್ರದ ಕೆಂಪು ಅಚ್ಚನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದರ ತುದಿಯಲ್ಲಿ ರಕ್ತ ಒಣಗಿತ್ತು.

“ಮೂರು ದಿನ ಹಾಕ್ಕೊಂಡೆ ಕಣಮ್ಮ. ಹೊಸ ಸೊಸೆ ಹೊಂದ್ಕೊಳ್ಳೋಕೆ ನಾಲ್ಕು ದಿನ ಬೇಕು, ಇದೂ ಹಾಗೇ ಅಂದ್ಕೊಂಡೆ.”

ಎಡಗಿವಿಯದನ್ನೂ ತೆಗೆದಿಟ್ಟರು; ಎರಡೂ ಯಂತ್ರ ತೆಗೆದ ಮೇಲೆ ಅವರಿಗೆ ಏನೂ ಕೇಳಿಸುವುದಿಲ್ಲ. ನನಗೆ ಅದು ಅನುಕೂಲವೇ. ಹಾಳೆಯ ಮೇಲೆ ಬರೆದು ತೋರಿಸಿದೆ: ‘ಕ್ಷಮಿಸಿ. ಇದು ನಿಮ್ಮ ಎಡಗಿವಿಯ ಅಚ್ಚು. ಬಲಗಿವಿಯ ಬಣ್ಣದಲ್ಲಿ ಬಂದಿದೆ.’

ಅವರು ಎರಡು ಸಲ ಓದಿದರು. “ಹಾಗಾದ್ರೆ ನನ್ನ ಬಲಗಿವಿ ಯಾರ ಹತ್ರ ಇದೆ?”

ಯಾರ ಹತ್ತಿರವೂ ಇರಲಿಲ್ಲ. ಇನ್ನೂರು ಜನರ ಬಲಗಿವಿ, ಎಂದರೆ ಅದರ ಅಳತೆ, ನಮ್ಮ ಹೊಸ ಸಾಫ್ಟ್‌ವೇರಿನಿಂದ ಅಳಿಸಿಹೋಗಿತ್ತು. ಅಳಿಸಿದವರು ಹಿಂದೆ ಮೇಣದಲ್ಲಿ ಕೈಯಿಂದ ಅಚ್ಚು ಮಾಡುತ್ತಿದ್ದ ಮೇಣದಜ್ಜನೇ ಎಂದು ಎಲ್ಲರೂ ತೀರ್ಮಾನಿಸಿದ್ದರು. ಸಂಜೆ ನಾಲ್ಕು ಗಂಟೆಗೆ ಅಜ್ಜನನ್ನು ಸಂಸ್ಥೆಯ ಒಡತಿ ಮೇಡಂ ಕೆಲಸದಿಂದ ತೆಗೆಯುವವರಿದ್ದರು.

ಆಗ ಹನ್ನೊಂದೂವರೆ.

ಶ್ರವಣಯಂತ್ರದಲ್ಲಿ ಕಿವಿಯೊಳಗೆ ಕೂರುವ ಒಂದು ಮೆತ್ತನೆಯ ತುಂಡು ಇರುತ್ತದೆ, ಅದೇ ಅಚ್ಚು. ಅದನ್ನು ಮಾಡುವುದು ನಮ್ಮ ಸಂಸ್ಥೆಯ ಕೆಲಸ. ಒಬ್ಬರ ಅಚ್ಚು ಇನ್ನೊಬ್ಬರಿಗೆ ಆಗುವುದಿಲ್ಲ. ಅಷ್ಟೇಕೆ, ನಮ್ಮ ಎಡಗಿವಿಯದೇ ಬಲಗಿವಿಗೆ ಆಗುವುದಿಲ್ಲ. ಅದಕ್ಕೇ ಮೇಣದಜ್ಜ ಮೂವತ್ತೊಂದು ವರ್ಷ ಕಿವಿಗೊಂದು ಅಳತೆಯ ಕಾರ್ಡು ಇಟ್ಟರು. ಬಲಕ್ಕೆ ಕೆಂಪು, ಎಡಕ್ಕೆ ನೀಲಿ. ಕಾರ್ಡು ಮನುಷ್ಯನದಲ್ಲ, ಕಿವಿಯದು. “ಎರಡು ಕಿವಿ ಅಂದ್ರೆ ಬೀಗರಿದ್ದ ಹಾಗೆ,” ಎನ್ನುತ್ತಿದ್ದರು. “ಒಂದೇ ತಲೆಲಿ ಇರ್ತಾವೆ, ಒಂದರ ಮುಖ ಇನ್ನೊಂದು ನೋಡಲ್ಲ.”

ಒಂದು ಅಂಗಡಿ ಐದಾಯಿತು. ಕಾರ್ಡು ಸಾಲದಾಯಿತು. ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸಲು ನನ್ನನ್ನು ತೆಗೆದುಕೊಂಡರು. ಏಳು ತಿಂಗಳು ಕಿಟಕಿಯ ಪಕ್ಕದ ಒಂಟಿ ಮೇಜಿನಲ್ಲಿ ಕೂತು ಸಾವಿರಾರು ಕಿವಿಗಳನ್ನು ಏರಿಸಿದೆ, ಮೊದಲು ಕೆಂಪು, ಆಮೇಲೆ ನೀಲಿ. ಅಷ್ಟು ಕಿವಿಗಳ ನಡುವೆ ಇದ್ದೂ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಮಾತಾಡುವವಳಲ್ಲ ಎಂದು ಗೊತ್ತಾದ ಮೇಲೆ ಜನ ಮಾತಾಡಿಸುವುದನ್ನೂ ಬಿಡುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ.

ಟೀಚರಮ್ಮನನ್ನು ಹೊಸ ಅಳತೆಗೆ ಒಳಗೆ ಕಳಿಸಿ ಕೊಂಡಿಯವನನ್ನು ಹುಡುಕಿಕೊಂಡು ಹೋದೆ.

ಅವನು ಸಾಫ್ಟ್‌ವೇರ್ ಆರಿಸಿಕೊಟ್ಟು ಒಂದಕ್ಕೊಂದು ಜೋಡಿಸಲು ಬಂದವನು. ಏನು ಕೇಳಿದರೂ “ಒಂದು ಕೊಂಡಿ ಹಾಕಿದ್ರೆ ಆಯ್ತು” ಎನ್ನುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಕಾಫಿ ಯಂತ್ರದ ಬಳಿ ನಿಂತಿದ್ದ. ಪಕ್ಕದಲ್ಲಿ ಮುಂಗಟ್ಟೆಯಕ್ಕ ಇದ್ದರು. ಬಂದವರನ್ನು ಬರಮಾಡಿಕೊಳ್ಳುವ, ಎಲ್ಲರ ಸುದ್ದಿಯನ್ನೂ ಎಲ್ಲರಿಗೂ ತಲುಪಿಸುವ ಅಕ್ಕ.

“ಓಹೋ, ಮೌನಗೌರಿ ಎದ್ದು ಬಂದಿದ್ದಾಳೆ,” ಎಂದರು ಅಕ್ಕ. “ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ನೋ.”

ನಾನು ಬರೆದಿಟ್ಟುಕೊಂಡು ಬಂದಿದ್ದ ಪ್ರಶ್ನೆಯನ್ನು ಕೇಳಿದೆ. “ಆ ದಾಖಲೆಗಳು ತಾವಾಗೇ ಕೂಡ್ಕೊಂಡ್ವಾ, ಯಾರಾದ್ರೂ ಕೂಡಿಸಿದ್ರಾ?”

ಕೊಂಡಿಯವನು ಲೋಟ ಕೆಳಗಿಟ್ಟ. “ನೋಡಿ, ಅಚ್ಚಿನ ಸಾಫ್ಟ್‌ವೇರು ಕಿವಿ ಲೆಕ್ಕ ಇಡುತ್ತೆ. ಭೇಟಿ ಗೊತ್ತುಮಾಡೋ ಸಾಫ್ಟ್‌ವೇರು ಜನರ ಲೆಕ್ಕ ಇಡುತ್ತೆ. ಎರಡನ್ನೂ ಜೋಡಿಸಿದಾಗ ಒಂದೇ ಫೋನ್ ನಂಬರಿಗೆ ಎರಡು ದಾಖಲೆ ಸಿಕ್ತು. ಅದು ಕೇಳುತ್ತೆ: ‘ಈ ಇಬ್ಬರೂ ಒಬ್ಬರೇನಾ?’ ಹೌದು, ಅಲ್ಲ, ಎರಡು ಗುಂಡಿ. ಹೌದು ಅಂದ್ರೆ ಎರಡೂ ಸೇರಿ ಒಂದಾಗುತ್ತೆ, ಆಮೇಲೆ ಏರಿಸಿದ್ದು ಉಳಿಯುತ್ತೆ.”

“ಅಂದ್ರೆ ನೀಲಿ.”

“ಎಡಗಿವಿ. ಹೂಂ. ಆದ್ರೆ ಗುಂಡಿ ಒತ್ತೋಕೆ ಒಬ್ಬ ಮನುಷ್ಯ ಬೇಕು. ಮೊದಲ ಪಟ್ಟಿಲಿ ಇನ್ನೂರ ಹದಿನಾಲ್ಕು ಸಲ ಯಾರೋ ಒತ್ತಿದ್ದಾರೆ.”

“ಯಾರೋ ಏನು,” ಎಂದರು ಅಕ್ಕ. “ಅಜ್ಜ ಕಂಪ್ಯೂಟರ್ ಬಂದ ದಿನವೇ ಹೇಳಿದ್ರಲ್ಲ, ಇದು ಎತ್ತು ಏರಿಗೆ, ಕೋಣ ನೀರಿಗೆ ಅಂತ. ಒತ್ತಿದ್ದೂ ಅಜ್ಜನ ಕೋಣೆ ಕಂಪ್ಯೂಟರಿಂದಲೇ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋದು ಬೇರೆ ಬಾಕಿ ಇದೆ.”

“ಅಲ್ಲಿ ಯಾರು ಬೇಕಾದ್ರೂ ಕೂರಬಹುದಲ್ಲ,” ಎಂದೆ.

“ಅದಂತೂ ನಿಜ,” ಎಂದ ಕೊಂಡಿಯವನು. “ಅಲ್ಲಿ ತಲೆಗೊಂದು ಲಾಗಿನ್ ಬೇಡ ಅಂದ್ರು ಮೇಡಂ. ಕಾರ್ಖಾನೆಗೆಲ್ಲ ಸೇರಿ ಒಂದೇ ಹೆಸರು. ಉಳಿದವರ ಪಾಸ್‌ವರ್ಡ್ ಚೀಟಿನೂ ಅಕ್ಕನ ಡ್ರಾಯರಲ್ಲೇ ಇದೆ. ಬೀಗ ಇಲ್ಲದ ಡ್ರಾಯರು.”

“ಬೀಗದ ಕೈ ಕಳೆದದ್ದು ನಾನಲ್ಲ,” ಎಂದರು ಅಕ್ಕ, ಮುಖ ಆಚೆ ತಿರುಗಿಸಿ.

ನನ್ನ ಮೇಜಿಗೆ ವಾಪಸ್ಸು ಬಂದು ಆ ಸಾಫ್ಟ್‌ವೇರಿನ ದಿನಚರಿಯನ್ನು ತೆರೆದೆ. ಅದೂ ನನ್ನ ಹಾಗೆ ದಿನದಿನದ್ದು ಬರೆದಿಡುತ್ತದೆ. ಯಾಕೆ ಎಂದು ಬರೆಯುವುದಿಲ್ಲ, ಯಾವಾಗ ಎಂದು ಮಾತ್ರ ಬರೆಯುತ್ತದೆ. ನನ್ನದಕ್ಕಿಂತ ಪ್ರಾಮಾಣಿಕ.

ನಾಲ್ಕು ಬೆಳಗುಗಳು. ಪ್ರತಿ ದಿನ ಏಳು ಹತ್ತಕ್ಕೆ ಶುರು, ಎಂಟೂವರೆಗೆ ಮುಕ್ತಾಯ. ನಾವೆಲ್ಲ ಬರುವುದು ಒಂಬತ್ತಕ್ಕೆ.

ಕೆಡಿಸಲೆಂದೇ ಕೂತವನು ಟಕಟಕನೆ ಒತ್ತಿಕೊಂಡು ಹೋಗುತ್ತಾನೆ. ಇನ್ನೂರ ಹದಿನಾಲ್ಕನ್ನು ಹತ್ತು ನಿಮಿಷದಲ್ಲಿ ಮುಗಿಸಬಹುದು. ಇಲ್ಲಿ ಹಾಗಿರಲಿಲ್ಲ. ಒಂದು ಒತ್ತಿಗೂ ಇನ್ನೊಂದಕ್ಕೂ ನಡುವೆ ಒಂದೂವರೆ ನಿಮಿಷ. ಕೆಲವು ಕಡೆ ಮೂರು. ಯಾರೋ ಪ್ರತಿಯೊಂದನ್ನೂ ತೆರೆದು ನೋಡಿದ್ದರು.

ಎಲ್ಲದಕ್ಕೂ ಹೌದು ಎಂದೂ ಇರಲಿಲ್ಲ. ಹದಿನಾಲ್ಕು ಕಡೆ ‘ಅಲ್ಲ’. ಆ ಹದಿನಾಲ್ಕನ್ನು ಒಂದೊಂದಾಗಿ ತೆಗೆದೆ. ಒಂದೇ ಫೋನು ಇಟ್ಟುಕೊಂಡ ತಾಯಿ ಮತ್ತು ಮಗಳು. ಗಂಡ ಮತ್ತು ಹೆಂಡತಿ. ಇಬ್ಬರು ಓರಗಿತ್ತಿಯರು. ನಿಜವಾಗಿ ಬೇರೆ ಬೇರೆ ಇದ್ದವರನ್ನು ಬೇರೆ ಎಂದೇ ಬಿಟ್ಟಿದ್ದರು. ಒಂದೂ ತಪ್ಪಿರಲಿಲ್ಲ.

ಕಳ್ಳ ಇಷ್ಟು ಜೋಪಾನ ಮಾಡುವುದಿಲ್ಲ.

ಮೊದಲು ಖುಷಿಯಾಯಿತು. ಮರುಕ್ಷಣ ಇನ್ನೊಂದು ಹೊಳೆಯಿತು. ಆ ಪ್ರಶ್ನೆಯ ತೆರೆಯಲ್ಲಿ ಹೆಸರು ಬರುವುದಿಲ್ಲ; ಬರಿಯ ಕಿವಿಯ ಆಕಾರದ ಮೇಲೇ ಇದು ತಾಯಿಯದು, ಇದು ಮಗಳದು ಎಂದು ಹೇಳಬಲ್ಲವರು ಈ ಕಟ್ಟಡದಲ್ಲಿ ಒಬ್ಬರೇ. ಅವರಲ್ಲ ಎಂದು ಸಾಬೀತು ಮಾಡಲು ಹೊರಟವಳು ಅವರ ಬಾಗಿಲಿಗೇ ಬಂದು ನಿಂತಿದ್ದೆ.

ಇನ್ನೊಂದು ವಿಷಯವನ್ನೂ ಬರೆದುಬಿಡಬೇಕು. ಸಾಫ್ಟ್‌ವೇರ್ ಆರಿಸುವ ದಿನ ಸಭೆಯಲ್ಲಿ ನಾನೂ ಇದ್ದೆ. ಮೂರನ್ನು ತೋರಿಸಿದ್ದರು. ಒಂದು ಅಂದವಾಗಿತ್ತು, ಒಂದು ಅಗ್ಗವಾಗಿತ್ತು, ಇನ್ನೊಂದರಲ್ಲಿ ಒಬ್ಬ ಮನುಷ್ಯನ ಕೆಳಗೆ ಎರಡು ಕಿವಿಗೆ ಬೇರೆ ಬೇರೆ ಜಾಗವಿತ್ತು. ಎಲ್ಲರೂ ಅಂದವಾದದ್ದನ್ನು ಮೆಚ್ಚಿದರು. ಇದರಲ್ಲಿ ಕಿವಿ ಎರಡು ಎಂದು ಹೇಳುವ ಕಡೆಯೇ ಇಲ್ಲವಲ್ಲ ಎಂದು ನನಗೆ ಕಂಡಿತ್ತು. ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ, ತಿದ್ದಿದೆ, ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಎಲ್ಲರೂ ಎದ್ದರು. ಮನೆಗೆ ಹೋಗಿ ದಿನಚರಿಯಲ್ಲಿ ಬರೆದೆ: ಇವತ್ತು ಹೇಳಬೇಕಿತ್ತು. ಹೇಳಲಿಲ್ಲ.

ಎರಡು ಗಂಟೆಗೆ ಕಾರ್ಖಾನೆಗೆ ಇಳಿದೆ.

ಕಾರ್ಖಾನೆ ಎಂದರೆ ಈಗ ಒಂದು ಖಾಲಿ ಕೋಣೆ. ಅಚ್ಚುಗಳನ್ನು ಊರಾಚೆಯ ಹೊಸ ಕಟ್ಟಡದಲ್ಲಿ ಯಂತ್ರವೇ ಮಾಡಿ, ಪೊಟ್ಟಣ ಕಟ್ಟಿ, ನೇರ ಅಂಗಡಿಗೆ ಕಳಿಸುತ್ತದೆ. ಅಜ್ಜನ ಕೈಗೆ ಈಗ ಒಂದು ಅಚ್ಚೂ ಸಿಗುವುದಿಲ್ಲ. ಸಿಕ್ಕಿದ್ದರೆ ಕೆಂಪು ಬಣ್ಣದ ಎಡಗಿವಿಯನ್ನು ಕಣ್ಣು ಮುಚ್ಚಿಯೂ ಹಿಡಿಯುತ್ತಿದ್ದರು. ಮೇಜಿನ ಮೇಲೆ ಮೂವತ್ತೊಂದು ವರ್ಷದ ಮೇಣದ ಹನಿಗಳು, ಅದರಾಚೆ ಕಂಪ್ಯೂಟರು, ಪುಟ್ಟದೊಂದು ಪ್ರಿಂಟರು. ಅಜ್ಜ ಒದ್ದೆ ಬಟ್ಟೆಯಿಂದ ಚಾಕುಗಳನ್ನು ಒರೆಸುತ್ತಿದ್ದರು. ಚಾಕುಗಳು ಆಗಲೇ ಹೊಳೆಯುತ್ತಿದ್ದವು.

“ಬಂದ್ಯಾ? ಕೂತ್ಕೋ. ಆ ಸ್ಟೂಲು ಅಲ್ಲಾಡುತ್ತೆ, ಈ ಕಡೇದು ತಗೋ.”

ಕೂತೆ. ಮುದ್ರಿಸಿ ತಂದಿದ್ದ ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿದೆ. ಅವರು ಕಾದರು. ನನ್ನನ್ನು ಅವಸರಪಡಿಸದವರು ಅವರೊಬ್ಬರೇ.

“ಅಜ್ಜ, ಈ ಹೌದುಗಳನ್ನೆಲ್ಲ ಒತ್ತಿದ್ದು ನೀವಾ?”

“ಹೂಂ, ನಾನೇ.”

ಇಷ್ಟು ಸುಲಭವಾಗಿ ಬರುತ್ತದೆಂದು ತಿಳಿದಿರಲಿಲ್ಲ. “ಬಲಗಿವಿ ಹೋಗುತ್ತೆ ಅಂತ ಗೊತ್ತಿತ್ತಾ?”

“ಅದು ಕೇಳಿದ್ದೇನು? ಈ ಇಬ್ಬರೂ ಒಬ್ಬರೇನಾ ಅಂತ. ಕೆಂಪು ಕಾರ್ಡಿನ ಟೀಚರೂ ನೀಲಿ ಕಾರ್ಡಿನ ಟೀಚರೂ ಒಬ್ಬಳೇ ತಾನೆ? ಅಲ್ಲ ಅಂತ ಸುಳ್ಳು ಹೇಳ್ಲಾ?” ಚಾಕುವನ್ನು ಬೆಳಕಿಗೆ ಹಿಡಿದು ನೋಡಿದರು. “ಬಲಗಿವಿ ಬೇಡ್ವಾ ಅಂತ ಅದು ಕೇಳ್ಲಿಲ್ಲಮ್ಮ. ಕೇಳಿದ್ರೆ ಬೇಕು ಅಂತಿದ್ದೆ.”

ಅವರು ಸುಳ್ಳು ಹೇಳಿರಲಿಲ್ಲ. ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿದ್ದರು. ಇನ್ನೂರು ಸಲ.

“ಎಲ್ಲ ತೆಗೆದು ತೆಗೆದು ನೋಡಿದ್ದೀರಿ.”

“ಮತ್ತೆ? ಕೊಟ್ಟ ಕೆಲಸ. ಕಣ್ಣು ನೀರು ಸುರಿಸ್ತಿತ್ತು ಆ ಬೆಳಕಿಗೆ. ಆದ್ರೂ ಎಷ್ಟೋ ದಿನ ಆಗಿತ್ತಲ್ಲ ನೋಡಿ. ಆ ಓರಗಿತ್ತಿಯರದ್ದು ಬಂತು, ನಗು ಬಂತು. ಇಬ್ಬರೂ ಒಟ್ಟಿಗೆ ಬಂದು ಬೇರೆ ಬೇರೆ ಮೂಲೆಲಿ ಕೂರ್ತಿದ್ರು. ಕಿವಿ ಕೇಳಲ್ಲ ಅನ್ನೋದೇ ಅವರ ಸಂಸಾರ ಉಳಿಸಿತ್ತು.”

ನನಗೂ ನಗು ಬಂತು. ಅದೇ ಹೊತ್ತಿಗೆ ಅವರು ಹೇಳಿದ ಒಂದು ಮಾತು ಮುಳ್ಳಿನಂತೆ ಸಿಕ್ಕಿಕೊಂಡಿತು.

“ಕೊಟ್ಟ ಕೆಲಸ ಅಂದ್ರಿ. ಯಾರು ಕೊಟ್ರು?”

ಅಜ್ಜ ಮೊದಲ ಬಾರಿ ತಲೆ ಎತ್ತಿ ನನ್ನ ಮುಖ ನೋಡಿದರು. “ಇದೇನು ಹೀಗೆ ಕೇಳ್ತೀಯ? ನೀನೇ.”

“ನಾನಾ?”

ಅವರು ಎದ್ದು ಗೋಡೆಯ ಮೊಳೆಯಲ್ಲಿ ತೂಗುಹಾಕಿದ್ದ ಅಂಗಿಯ ಜೇಬಿಗೆ ಕೈ ಹಾಕಿದರು. ತೆರೆಯ ಮೇಲೆ ಓದಲಾಗದೆ, ಬಂದದ್ದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಮುದ್ರಿಸಿಟ್ಟುಕೊಳ್ಳುವುದು ಅವರ ರೂಢಿ. ನಾಲ್ಕು ಮಡಿಕೆಯ ಹಾಳೆಯೊಂದನ್ನು ನನ್ನ ಕೈಗಿತ್ತರು.

‘ಅಜ್ಜ, ಈ ಪಟ್ಟಿಯನ್ನು ನಿಮ್ಮಷ್ಟು ಚೆನ್ನಾಗಿ ನೋಡಬಲ್ಲವರು ಇಲ್ಲಿ ಬೇರೆ ಯಾರೂ ಇಲ್ಲ. ಬೆಳಿಗ್ಗೆ ಉಳಿದವರು ಬರುವ ಮೊದಲೇ ಮುಗಿಸಿಕೊಟ್ಟರೆ ಉಪಕಾರವಾಗುತ್ತದೆ. ಬಾಯಲ್ಲಿ ಹೇಳಲು ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ. ಇದರ ಬಗ್ಗೆ ನನ್ನನ್ನು ಏನೂ ಕೇಳಬೇಡಿ.’

ಕೆಳಗೆ ನನ್ನ ಹೆಸರು. ಗುರುವಾರ, ಮಧ್ಯಾಹ್ನ ಹನ್ನೆರಡು ನಲವತ್ತು.

ಎರಡು ಸಲ ಓದಿದೆ. ನಾನು ಬರೆದಿದ್ದರೆ ಹೀಗೇ ಬರೆಯುತ್ತಿದ್ದೆ. ಅದೇ ಭಯ ಹುಟ್ಟಿಸಿತು. ನನ್ನನ್ನು ಯಾರೂ ಗಮನಿಸುವುದಿಲ್ಲ ಎಂದು ನಾನು ತಿಳಿದಿದ್ದ ಈ ಏಳು ತಿಂಗಳೂ ಯಾರೋ ಒಬ್ಬರು ಬಹಳ ಚೆನ್ನಾಗಿ ಗಮನಿಸಿದ್ದರು.

“ಅಜ್ಜ, ಇದು ನಾನು ಕಳಿಸಿದ್ದಲ್ಲ.”

ಅವರು ಬಗ್ಗಿ ಹಾಳೆಯ ಕೆಳಗಿನ ಹೆಸರನ್ನು ಇನ್ನೊಮ್ಮೆ ಓದಿದರು.

“ಮಾರನೇ ದಿನ ನನ್ನನ್ನ ಕೇಳ್ಬಾರದಿತ್ತಾ?”

“ಕೇಳ್ಬೇಕು ಅಂತ ಎದುರಿಗೆ ಬಂದೆ. ನೀನು ತಲೆ ತಗ್ಗಿಸಿಕೊಂಡು ಹೋದೆ. ಪಾಪ, ಹುಡುಗಿಗೆ ನಾಚಿಕೆ, ಸುಮ್ನೆ ಯಾಕೆ ಮುಜುಗರ ಅಂದ್ಕೊಂಡೆ.”

ನಾನು ದಿನವೂ ತಲೆ ತಗ್ಗಿಸಿಕೊಂಡೇ ಹೋಗುತ್ತೇನೆ.

ಅಲ್ಲೇ ಅವರ ಕಂಪ್ಯೂಟರಿನಲ್ಲಿ ನನ್ನ ಹೆಸರಿನಿಂದ ಒಳಹೊಕ್ಕು, ನಾನು ಕಳಿಸಿದ ಕೆಲಸಗಳ ಪಟ್ಟಿ ತೆಗೆದೆ. ಆ ಗುರುವಾರ ಏನೂ ಇರಲಿಲ್ಲ. ಅಜ್ಜನಿಗೆ ಬಂದವುಗಳಲ್ಲೂ ಇರಲಿಲ್ಲ. ಎರಡೂ ಕಡೆ ಒರೆಸಿದ್ದರು. ಮುದ್ರಿಸಿ ಜೇಬಿನಲ್ಲಿಟ್ಟುಕೊಳ್ಳುವ ಮುದುಕರೊಬ್ಬರು ಇದ್ದಾರೆ ಎಂಬುದು ಮಾತ್ರ ಅವರಿಗೆ ಹೊಳೆದಿರಲಿಲ್ಲ.

ಗುರುವಾರ ಹನ್ನೆರಡು ನಲವತ್ತಕ್ಕೆ ನಾನೆಲ್ಲಿದ್ದೆ? ಕಿಟಕಿಯ ಪಕ್ಕ ಊಟ ಮಾಡುತ್ತಿದ್ದೆ, ನನ್ನ ಮೇಜಿನಲ್ಲೇ, ನನ್ನ ಕಂಪ್ಯೂಟರಿನ ಎದುರೇ. ಯಾರು ನೋಡಿದ್ದಾರೆ? ಒಬ್ಬಳೇ ಕೂತು ಉಣ್ಣುವವಳಿಗೆ ಸಾಕ್ಷಿ ಇರುವುದಿಲ್ಲ.

“ಬನ್ನಿ ಅಜ್ಜ, ಮೇಡಂಗೆ ಇದನ್ನ ತೋರಿಸೋಣ. ನಿಮಗೆ ಹೇಳಿದವರಿದ್ದಾರೆ ಅಂತ ಗೊತ್ತಾದ್ರೆ ನಿಮ್ಮನ್ನ ತೆಗೆಯಲ್ಲ.”

“ತಡ ಆಯ್ತು ಕಣಮ್ಮ.” ಚಾಕುಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. “ಬೆಳಿಗ್ಗೆನೇ ಹೇಳ್ಬಿಟ್ಟೆ. ಯಾರೂ ಹೇಳಿರ್ಲಿಲ್ಲ, ನನ್ನ ತಲೆಗೆ ತೋಚಿದ ಹಾಗೆ ಮಾಡ್ದೆ ಅಂತ. ಬರೆದೂ ಕೊಟ್ಟೆ.”

“ಯಾಕೆ?”

“ನಿನ್ನ ಹೆಸರು ಹೇಳ್ಬೇಕಾಗ್ತಿತ್ತಲ್ಲ. ಕಣ್ಣು ಬಿಡ್ತಾ ಇರೋ ಹುಡುಗಿ, ಮೊದಲನೇ ಕೆಲಸ. ನನಗೇನು, ಈ ಕೋಣೆಲಿ ಚಾಕು ಒರೆಸೋದನ್ನ ಮನೇಲಿ ಒರೆಸ್ತೀನಿ.”

ತಮಾಷೆಯ ಧ್ವನಿಯಲ್ಲಿ ಹೇಳಿದರು. ಕೈ ಮಾತ್ರ ಗಂಟು ಹಾಕಲಾಗದೆ ತಡವರಿಸುತ್ತಿತ್ತು. ಅವರ ಮನೆಯಲ್ಲಿ ಯಾರೂ ಇಲ್ಲ. ಏಳಕ್ಕೇ ಬಂದು ಕೂರುವುದು ಕೆಲಸ ಇದೆಯೆಂದಲ್ಲ, ಇಲ್ಲಿ ಒಂಬತ್ತಕ್ಕೆ ಜನ ಬರುತ್ತಾರೆಂದು. ಅಷ್ಟು ನನಗೆ ಗೊತ್ತಿತ್ತು. ಒಂಟಿಯಾಗಿರುವವರು ಇನ್ನೊಬ್ಬ ಒಂಟಿಯ ವೇಳಾಪಟ್ಟಿಯನ್ನು ಬೇಗ ಕಲಿಯುತ್ತಾರೆ.

“ಒಂದು ಕೇಳ್ಲಾ?” ಎಂದರು. “ಆ ಮೊದಲನೇ ಸಾಲು. ನಿಮ್ಮಷ್ಟು ಚೆನ್ನಾಗಿ ನೋಡೋರು ಇಲ್ಲ ಅಂತ. ಅದೂ ನೀನು ಬರೆದದ್ದಲ್ವಾ?”

ಕೆಲಸ ಹೋಗುತ್ತದೆ ಎಂದಾಗ ಬಾಡದ ಮುಖ ಇದನ್ನು ಕೇಳುವಾಗ ಬಾಡಿತ್ತು. ಈ ಕೋಣೆಯಿಂದ ಮೇಣ ಹೋದ ಮೇಲೆ ಯಾರಾದರೂ ಅವರಿಗೆ ಆಡಿದ ಒಳ್ಳೆಯ ಮಾತು ಅದೊಂದೇ ಇರಬೇಕು.

“ನಾನು ಬರೆದದ್ದಲ್ಲ,” ಎಂದೆ. “ಆದ್ರೆ ಅದು ನಿಜ.”

ಅವರು ತಲೆಯಾಡಿಸಿದರು. ಗಂಟು ಬಿತ್ತು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಇಬ್ಬರೂ ಮೇಲೆ ಹೋದೆವು. ಮೇಡಂ ಕೋಣೆಯ ಹೊರಗಿನ ಬೆಂಚಿನ ಮೇಲೆ ಅಜ್ಜ ಚಾಕುವಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. “ನಿನಗೆ ಇದೆಲ್ಲ ಯಾಕೆ, ವಾಪಸ್ ಹೋಗು,” ಎಂದು ಇನ್ನೊಮ್ಮೆ ಹೇಳಿದರು. ನಾನು ಬಾಗಿಲು ತಟ್ಟಿದೆ.

ಮೇಡಂ ಒಬ್ಬರೇ ಇದ್ದರು. ಈ ಸಂಸ್ಥೆಯನ್ನು ಶುರು ಮಾಡಿದವರು. ಆಗ ಅವರು ಕಿವಿಯ ಅಳತೆ ತೆಗೆಯುತ್ತಿದ್ದರು, ಅಜ್ಜ ಅಚ್ಚು ಮಾಡುತ್ತಿದ್ದರು, ಇಬ್ಬರೇ. ಎದುರಿಗೆ ಅಜ್ಜನ ಕೈಬರಹದ ಹಾಳೆಯಿತ್ತು.

“ಏನು?” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ನೀನಾಗಿ ನನ್ನ ಕೋಣೆಗೆ ಬಂದದ್ದು ಇದೇ ಮೊದಲು.”

“ಅಜ್ಜ ಬರೆದುಕೊಟ್ಟದ್ದು ಪೂರ್ತಿ ನಿಜ ಅಲ್ಲ, ಮೇಡಂ. ಅವರಿಗೆ ಒಬ್ಬರು ಹೇಳಿದ್ರು.” ಹಾಳೆಯನ್ನು ಬಿಡಿಸಿ ಹಿಡಿದೆ. “ಇದರಲ್ಲಿ ನನ್ನ ಹೆಸರಿದೆ. ಆದ್ರೂ ನೀವು ಓದ್ಬೇಕು.”

ಅವರು ಕನ್ನಡಕ ಹಾಕಿಕೊಂಡು, ಕೂತಲ್ಲಿಂದಲೇ ಓದಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಇದು ಕಂಪ್ಯೂಟರಲ್ಲಿ ಇದೆಯಾ?”

“ಇಲ್ಲ. ಅಳಿಸಿದ್ದಾರೆ.”

“ಇದರ ಇನ್ನೊಂದು ಪ್ರತಿ?”

“ಇಲ್ಲ,” ಎಂದೆ. ಹೇಳಿದ ಮೇಲೆ, ಹೇಳಬಾರದಿತ್ತು ಎನಿಸಿತು.

ಮೇಡಂ ಎದ್ದು ಬಾಗಿಲ ತನಕ ಹೋದರು. ಸಂದಿಯಲ್ಲಿ ಬೆಂಚು ಕಾಣುತ್ತಿತ್ತು, ಅಜ್ಜನ ಮೊಣಕಾಲು ಕಾಣುತ್ತಿತ್ತು. ಬಾಗಿಲು ಮುಚ್ಚಿದರು. ನನ್ನ ಪಕ್ಕಕ್ಕೆ ಬಂದು ಭುಜದ ಮೇಲೆ ಕೈಯಿಟ್ಟರು. ಈ ಕಟ್ಟಡದಲ್ಲಿ ಅದುವರೆಗೆ ನನ್ನನ್ನು ಯಾರೂ ಮುಟ್ಟಿರಲಿಲ್ಲ.

“ನೋಡು ಮರಿ. ಅವರು ಒಪ್ಪಿಕೊಂಡು ಆಗಿದೆ. ಇದನ್ನ ಹೊರಗೆ ತೆಗೆದ್ರೆ ಅವರ ಜೊತೆ ನೀನೂ ಹೋಗ್ತೀಯ, ಅಷ್ಟೇ. ನೀನು ಕಳಿಸಿಲ್ಲ ಅಂತ ಯಾರು ನಂಬ್ತಾರೆ? ಈ ಹಾಳೆ ನನಗೆ ಕೊಡು. ನಿನ್ನ ಹೆಸರು ಎಲ್ಲೂ ಬರದ ಹಾಗೆ ನಾನು ನೋಡ್ಕೊಳ್ತೀನಿ. ನಾಳೆಯಿಂದ ಆ ಕಿಟಕಿ ಹತ್ರ ಒಬ್ಬಳೇ ಕೂತು ಊಟ ಮಾಡೋದೂ ಬೇಡ. ಇಲ್ಲೇ ನನ್ನ ಪಕ್ಕದ ಕೋಣೆಗೆ ಬಾ.”

ಭುಜದ ಮೇಲಿನ ಕೈ ಬೆಚ್ಚಗಿತ್ತು. ಇನ್ನೊಂದು ಕೈ ಹಾಳೆಗಾಗಿ ಚಾಚಿತ್ತು.

ಕೊಡುವುದು ಎಷ್ಟು ಸುಲಭವಿತ್ತು. ಮಾತೂ ಬೇಕಿರಲಿಲ್ಲ. ಬೆರಳು ಸಡಿಲಿಸಿದರೆ ಸಾಕಿತ್ತು.

ಬಾಗಿಲಾಚೆ ಅಜ್ಜ ಕೆಮ್ಮಿದರು.

“ಮೇಡಂ,” ಎಂದೆ. ವಾಕ್ಯವನ್ನು ಮನಸ್ಸಿನಲ್ಲಿ ತಿದ್ದಿಕೊಳ್ಳಲಿಲ್ಲ, ಹೇಗೆ ಬಂತೋ ಹಾಗೆ ಬಂತು. “ನನ್ನ ಹೆಸರಲ್ಲಿ ಇದನ್ನ ಬರೆದವರು ಯಾರು ಅಂತ ನೀವು ಕೇಳ್ಲೇ ಇಲ್ಲ.”

ಭುಜದ ಮೇಲಿನ ಕೈ ನಿಧಾನವಾಗಿ ಜಾರಿತು. ಚಾಚಿದ ಕೈ ಮಾತ್ರ ಹಾಗೇ ಇತ್ತು.